ಗೋಡೆಯಂಚಿನ ಸುಂಡಿಲಿ, ಬಾಟಲಿಯೊಳಗಿನ ಸೊರ

ಹುಕ್ಕೇರಿ ಕಡೆಯ ಹಳ್ಳಿಯಿಂದ ಗೋಕಾಕಕ್ಕೆ ದಿನಾ ಬಸ್ಸಿನಲ್ಲಿ ಹೋಗಿಬಂದು ಬಿ.ಎಸ್ಸಿ. ಓದಿದ ನನ್ನಂಥವರು ಸಮುದ್ರ ನೋಡುವ ಮೊದಲೇ ಶಾರ್ಕ್ ನೋಡಿದವರು. ಪ್ರಾಣಿಶಾಸ್ತ್ರದ ಲ್ಯಾಬಿನಲ್ಲಿ ಮೇಣ ಹಾಕಿದ ತಟ್ಟೆಯ ಮೇಲೆ ಅದು ಬಿದ್ದಿರುತ್ತಿತ್ತು. ಮೊಳದಷ್ಟು ಉದ್ದ, ಬೂದು ಬಣ್ಣ, ಸಲಿಕೆಯ ಹಾಗೆ ಚಪ್ಪಟೆಯಾದ ಮೂತಿ, ಕಣ್ಣಲ್ಲಿ ನೀರು ತರಿಸುವ ಫಾರ್ಮಲಿನ್ ನಾತ. ಹೆಸರು ಸ್ಕಾಲಿಯೋಡಾನ್. ತಲೆಯನ್ನು ಹುಷಾರಾಗಿ ಬಿಡಿಸಿ ಮಿದುಳಿನಿಂದ ಹೊರಟ ನರಗಳನ್ನು ಎಣಿಸಿ ತೋರಿಸಬೇಕು. ಒಂದು ನರ ಕತ್ತರಿಸಿತೋ, ಅಂಕ ಹೋಯಿತು. ಭಾರತದ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳ ಹಲವು ತಲೆಮಾರುಗಳು ಬೆನ್ನೆಲುಬಿನ ಪ್ರಾಣಿಗಳ ಒಳರಚನೆಯನ್ನು ಕಲಿತದ್ದು ಈ ಮೀನಿನ ಮೇಲೆಯೇ. ಥಿಲ್ಲೈಯಂಪಲಂ ಅವರು ಇದೊಂದರ ಮೇಲೆ ಬರೆದ ಪುಸ್ತಕ 1928ರಲ್ಲಿ ಬಂತು. ಅದರ ಚಿತ್ರಗಳೇ ಕೈಯಿಂದ ಕೈಗೆ ದಾಟುತ್ತ, ಪ್ರತಿ ಸಲ ತುಸು ಕೆಡುತ್ತ, ನಮ್ಮ ಜರ್ನಲ್ಲುಗಳವರೆಗೂ ಬಂದವು.

ಮನೆಗೆ ಬಂದರೆ ಇನ್ನೊಂದು ಪ್ರಾಣಿ. ರಾತ್ರಿ ದೀಪ ಆರಿದ ಮೇಲೆ ಗೋಡೆಯಂಚು ಹಿಡಿದು ಚಿಕ್ ಚಿಕ್ ಎನ್ನುತ್ತ ಓಡುವ, ಹೋದ ದಾರಿಯಲ್ಲೆಲ್ಲ ಕಸ್ತೂರಿಯ ಕೆಟ್ಟ ತಮ್ಮನಂಥ ವಾಸನೆ ಬಿಡುವ ಸುಂಡಿಲಿ. ನಾನು ಕೋಲು ಹಿಡಿದು ಎದ್ದರೆ ಅವ್ವ ಗದರುತ್ತಿದ್ದಳು: “ಬಿಡ್ಲಾ ಅದನ್ನ, ಅದೇನ ಜ್ವಾಳಾ ತಿನ್ನಾಂಗಿಲ್ಲ.”

ಶಾಲೆ ಕಲಿಯದ ಅವ್ವನ ಆ ಮಾತಿನಲ್ಲಿ ಎಷ್ಟು ಪ್ರಾಣಿಶಾಸ್ತ್ರವಿತ್ತೆಂದು ಗೊತ್ತಾಗಲು ನನಗೆ ವರ್ಷಗಳು ಬೇಕಾದವು. ಈ ಎರಡು ಪ್ರಾಣಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಏನು ಸಿಗುತ್ತದೆ ಎಂಬ ಪ್ರಶ್ನೆ ಹುಟ್ಟಿದ್ದೂ ಆಮೇಲೆಯೇ. ಒಂದು ನೆಲದ್ದು, ಒಂದು ಕಡಲಿನದು. ಒಂದು ಬಿಸಿರಕ್ತದ್ದು, ಒಂದು ತಣ್ಣಗಿನದು. ಹೋಲಿಸುವುದಕ್ಕೆ ಏನೂ ಇಲ್ಲ ಎನ್ನುವವರೇ ಹೆಚ್ಚು.

ಮೊದಲು ಹೆಸರಿನ ಗೊಂದಲ ಬಿಡಿಸಬೇಕು, ಏಕೆಂದರೆ ಎರಡೂ ಹೆಸರುಗಳು ದಾರಿ ತಪ್ಪಿಸುತ್ತವೆ. ಸುಂಡಿಲಿ ಇಲಿಯಲ್ಲ. ಗಡಿಯ ಮರಾಠಿಗರು ‘ಚಿಚುಂದ್ರಿ’ ಎಂದು ಬೇರೆಯದೇ ಹೆಸರಿಟ್ಟು ಈ ತಪ್ಪಿನಿಂದ ಪಾರಾಗಿದ್ದಾರೆ; ಕನ್ನಡಕ್ಕೆ ಇಲಿಯ ಬಾಲ ಅಂಟಿಕೊಂಡೇ ಇದೆ. ಲಿನ್ನೇಯಸ್ 1766ರಲ್ಲಿ ಇದನ್ನು ಸರಿಯಾದ ಗುಂಪಿಗೇ ಸೇರಿಸಿದ, ಆದರೆ ಅವನೂ ‘ಮ್ಯೂರಿನಸ್’, ಅಂದರೆ ಇಲಿಯಂಥದು ಎಂದೇ ಕರೆದ. ಇಂದಿನ ಹೆಸರು ಸಂಕಸ್ ಮ್ಯೂರಿನಸ್. ಇಲಿಯ ನೆಂಟರು ಅಳಿಲು, ಮುಳ್ಳುಹಂದಿ. ಸ್ವಲ್ಪ ದೂರದ ನೆಂಟರಲ್ಲಿ ಕೋತಿಯೂ ನಾವೂ ಬರುತ್ತೇವೆ. ಸುಂಡಿಲಿಯ ವಂಶವೃಕ್ಷ ಬೇರೆ ಕೊಂಬೆಯಲ್ಲಿದೆ. ಅಲ್ಲಿ ಬಾವಲಿ, ನಾಯಿ, ಕುದುರೆ, ಎಮ್ಮೆ, ತಿಮಿಂಗಿಲ ಇವೆ. ಮೂಡಲಗಿಯ ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ನಿಂತ ಎಮ್ಮೆ, ಅದರ ಕಾಲಸಂದಿಯಲ್ಲಿ ಹುಳ ಹುಡುಕುತ್ತ ಓಡುವ ಸುಂಡಿಲಿಗೆ ಇಲಿಗಿಂತ ಹತ್ತಿರದ ಸಂಬಂಧಿ. ಇಲಿ ಹತ್ತಿರವಾಗುವುದು ಎಮ್ಮೆ ಹಿಂಡುವವನಿಗೆ.

ಮೀನು ಎಂಬ ಮಾತಿನದೂ ಇದೇ ಕಥೆ. ನಮ್ಮ ಕೆರೆಗಳಲ್ಲಿ ಸಾಕುವ ಕಟ್ಲಾ, ರೋಹುಗಳಿಗೆ ಎಲುಬಿದೆ. ಸೊರಕ್ಕೆ, ಅಂದರೆ ಶಾರ್ಕಿಗೆ, ಎಲುಬೇ ಇಲ್ಲ, ಮೈಯೆಲ್ಲ ಮೃದ್ವಸ್ಥಿ. ಎಲುಬಿನ ಮೀನುಗಳ ಕೊಂಬೆಯಿಂದಲೇ ಕಾಲುಳ್ಳ ಪ್ರಾಣಿಗಳೆಲ್ಲ ಮುಂದೆ ಚಿಗುರಿದ್ದರಿಂದ, ವಂಶದ ಲೆಕ್ಕದಲ್ಲಿ ರೋಹು ಮೀನು ಸೊರಕ್ಕಿಂತ ನಮಗೇ ಹತ್ತಿರ. ಸುಂಡಿಲಿಗೂ ಅಷ್ಟೇ ಹತ್ತಿರ. ಸಂತೆಯ ಬುಟ್ಟಿಯಲ್ಲಿ ರೋಹುವನ್ನೂ ಸೊರವನ್ನೂ ‘ಮೀನು’ ಎಂದು ಒಟ್ಟಿಗೆ ಸುರಿಯಬಹುದು, ಆದರೆ ಅವು ಬೇರೆಯಾಗಿ 40 ಕೋಟಿ ವರ್ಷಗಳ ಮೇಲಾಯಿತು.

ಸೊರ ಎಂಬುದು ದ್ರಾವಿಡ ಮಾತು. ತಮಿಳಿನಲ್ಲಿ ಸುರ, ತೆಲುಗಿನಲ್ಲಿ ಸೊರ. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯ ವಿಶಾಖಪಟ್ಟಣದ ಮೀನುಗಾರರಿಂದ ಕೇಳಿದ ಹೆಸರುಗಳನ್ನು ಹಾಗೆಯೇ ಬರೆದುಕೊಂಡು 1803ರಲ್ಲಿ ಪುಸ್ತಕ ಮಾಡಿದ. ಅದರಲ್ಲಿದ್ದ ‘ಸೊರ್ರಕೋವಾ’ ಎಂಬ ಹೆಸರು ಮುಂದೆ ಲ್ಯಾಟಿನ್ ಹೆಸರುಗಳ ಸಾಲಿಗೆ ಏರಿತು. ಗೋಕಾಕದ ಲ್ಯಾಬಿನಲ್ಲಿ ನಾವು ‘ಸ್ಕಾಲಿಯೋಡಾನ್ ಸೊರ್ರಕೋವಾ’ ಎಂದು ಬಾಯಿಪಾಠ ಮಾಡುವಾಗ ಅರ್ಧ ಹೆಸರು ನಮ್ಮದೇ ಭಾಷಾಕುಟುಂಬದ್ದೆಂದು ಯಾರೂ ಹೇಳಲಿಲ್ಲ. ಈಗ ಅದರ ಹೆಸರು ಸ್ಕಾಲಿಯೋಡಾನ್ ಲ್ಯಾಟಿಕಾಡಸ್. ಜರ್ಮನಿಯ ಮ್ಯೂಲರ್ ಮತ್ತು ಹೆನ್ಲೆ 1838ರಲ್ಲಿ ಕೊಟ್ಟದ್ದು. ಈ ಮ್ಯೂಲರ್‌ನನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ. ಕೊಂಕಣ, ಗೋವೆಗಳ ಕಡೆಯಿಂದ ಘಟ್ಟ ಹತ್ತಿ ಬೆಳಗಾವಿಗೆ ಬರುವ ಮೀನಿನಲ್ಲಿ ಇದು ‘ಮೋರಿ’ ಅಥವಾ ‘ಮುಶಿ’, ಮಂಗಳೂರಿಗರಿಗೆ ‘ತಾಟೆ’.

“ಘಟಪ್ರಭಾದಾಗ ಶಾರ್ಕ್ ಬರ್ತಾವೇನ್ರಿ?” ಎಂದು ಕೇಳುವ ಹುಡುಗರು ಪ್ರತಿ ತಲೆಮಾರಿನಲ್ಲೂ ಇರುತ್ತಾರೆ. ಪ್ರಶ್ನೆ ದಡ್ಡತನದ್ದಲ್ಲ. ಬುಲ್ ಶಾರ್ಕ್ ಸಿಹಿನೀರಿನಲ್ಲೂ ಬದುಕಬಲ್ಲದು. ಅಮೆಜಾನ್ ನದಿಯಲ್ಲಿ ಸಾವಿರಾರು ಕಿಲೋಮೀಟರ್ ಒಳಗೆ ಸಿಕ್ಕಿದೆ. ಗಂಗೆಯಲ್ಲಿ ಆ ನದಿಯದೇ ಹೆಸರಿನ ಶಾರ್ಕ್ ಇದೆ. ಘಟಪ್ರಭೆಯೂ ಕೃಷ್ಣೆ ಸೇರಿ ಬಂಗಾಳಕೊಲ್ಲಿಗೇ ಹೋಗುವ ಹೊಳೆ. ಆದರೆ ಕೆಳಗಿನಿಂದ ಬರುವ ಮೀನಿಗೆ ವಿಜಯವಾಡದ ಬ್ಯಾರೇಜು, ನಾಗಾರ್ಜುನಸಾಗರ, ಶ್ರೀಶೈಲ, ನಾರಾಯಣಪುರ, ಆಲಮಟ್ಟಿಗಳನ್ನು ದಾಟಿದ ಮೇಲೂ ಗೋಕಾಕದ 52 ಮೀಟರ್ ಎತ್ತರದ ಜಲಪಾತ ಎದುರಾಗುತ್ತದೆ. ಆ ಮೇಲೆ ಹಿಡಕಲ್ ಡ್ಯಾಮು. ನಮ್ಮ ಹೊಳೆಗಳಲ್ಲಿ ಬಲೆ ಹರಿಯುವ ಬಾಳೆಮೀನನ್ನು ಇಂಗ್ಲಿಷರು ‘ಸಿಹಿನೀರಿನ ಶಾರ್ಕ್’ ಎಂದರು, ಅಕ್ವೇರಿಯಂ ಅಂಗಡಿಗಳಲ್ಲಿ ‘ಶಾರ್ಕ್’ ಎಂದು ಮಾರುವುದೂ ಪಂಗಾಸಿಯಸ್ ಜಾತಿಯ ಮರಿ. ಎರಡೂ ಮೀಸೆಯ ಮೀನುಗಳು. ಇಲಿಯಲ್ಲದ ಸುಂಡಿಲಿಗೆ ಶಾರ್ಕಲ್ಲದ ಶಾರ್ಕು ಸರಿಯಾದ ಜೋಡಿ.

ಕಲ್ಲಿನಲ್ಲಿ ಹುಡುಕಿದರೂ ಗೋಕಾಕದಲ್ಲಿ ಸೊರ ಸಿಗದು. ಜಲಪಾತ ಧುಮುಕುವ ಮರಳುಗಲ್ಲು ಕಲಾದಗಿ ಶ್ರೇಣಿಯದು. ಹಿಂದೆ ನೀರಿನ ತಳವಾಗಿದ್ದುದಕ್ಕೆ ಆ ಶ್ರೇಣಿಯ ಬಂಡೆಗಳ ಮೇಲೆ ಅಲೆಯ ಗೆರೆಗಳು ಉಳಿದಿವೆ. ಆದರೆ ಆ ಕಾಲಕ್ಕೆ ಜಗತ್ತಿನಲ್ಲಿ ಸೊರವೂ ಇರಲಿಲ್ಲ, ಬೆನ್ನೆಲುಬೂ ಇರಲಿಲ್ಲ. ಹುಕ್ಕೇರಿ, ಮೂಡಲಗಿಗಳ ಎರೆಮಣ್ಣಿನ ತಾಯಿಯಾದ ಕಪ್ಪು ಬಸಾಲ್ಟ್ ಮಾತ್ರ ಬಹಳ ಈಚಿನದು, ಸುಮಾರು 6.6 ಕೋಟಿ ವರ್ಷದ್ದು. ಇದೇ ದಖ್ಖನ್ ಲಾವಾದ ಪದರಗಳ ನಡುವೆ, ಈಗಿನ ತೆಲಂಗಾಣದ ನಸ್ಕಲ್ ಎಂಬಲ್ಲಿ, ಜಿ.ವಿ.ಆರ್. ಪ್ರಸಾದ್ ಮತ್ತು ಅಶೋಕ್ ಸಾಹ್ನಿ ಅವರಿಗೆ ಸಾಸಿವೆಯಷ್ಟು ಹಲ್ಲುಗಳು ಸಿಕ್ಕವು. 1988ರಲ್ಲಿ ಆ ಹಲ್ಲಿನ ಪ್ರಾಣಿಗೆ ‘ಡೆಕ್ಕನೋಲೆಸ್ಟಿಸ್’ ಎಂದು ಹೆಸರಿಟ್ಟರು. ಡೈನೋಸಾರುಗಳ ಕೊನೆಯ ಯುಗವಾದ ಕ್ರಿಟೇಶಿಯಸ್ ಕಾಲದ ಭಾರತದ ಸಸ್ತನಿಯೊಂದು ಬೆಳಕಿಗೆ ಬಂದದ್ದು ಅದೇ ಮೊದಲು, ಗಾತ್ರದಲ್ಲಿ ಸುಂಡಿಲಿಯಂಥದು. ಅದೇ ತೆಲಂಗಾಣದ ಆಸಿಫಾಬಾದ್ ಬಳಿ ದಖ್ಖನ್ ಪದರಗಳಲ್ಲಿ ಸೊರದ ಸೋದರಬಳಗವಾದ ತೊರಕೆ ಮೀನಿನ ಹಲ್ಲುಗಳೂ ಸಿಕ್ಕಿವೆ. ಮೃದ್ವಸ್ಥಿ ಕರಗಿಹೋಗುತ್ತದೆ, ಪುಟ್ಟ ಸಸ್ತನಿಯ ಎಲುಬು ಪುಡಿಯಾಗುತ್ತದೆ. ಎರಡೂ ಕುಲಗಳು ನಮಗೆ ತಮ್ಮ ಇತಿಹಾಸ ಬಿಟ್ಟುಹೋಗಿರುವುದು ಬಹುಮಟ್ಟಿಗೆ ಹಲ್ಲಿನಲ್ಲಿ.

ಹಲ್ಲಿನ ವಿಷಯಕ್ಕೆ ಬಂದಾಗ ಹೋಲಿಕೆ ನಿಜಕ್ಕೂ ರುಚಿಗಟ್ಟುತ್ತದೆ. ನಮ್ಮ ಪ್ರಾಕ್ಟಿಕಲ್ಸಿನಲ್ಲಿ ಒಂದು ಕೆಲಸವಿತ್ತು: ಸೊರದ ಚರ್ಮದ ಚೂರನ್ನು ಕಾಸ್ಟಿಕ್ ದ್ರಾವಣದಲ್ಲಿ ಕುದಿಸಿ, ಉಳಿದ ಹುರುಪೆಗಳನ್ನು ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ತೋರಿಸುವುದು. ನೋಡಿದರೆ ಹುರುಪೆಯಲ್ಲ, ಸಾಲುಸಾಲು ಹಲ್ಲು. ಒಳಗೆ ದಂತದ್ರವ್ಯ, ಮಧ್ಯೆ ತಿರುಳಿನ ಗೂಡು, ಮೇಲೆ ಎನಾಮಲ್ಲಿನಂಥ ಹೊದಿಕೆ. ತಲೆಯಿಂದ ಬಾಲಕ್ಕೆ ಸವರಿದರೆ ರೇಶಿಮೆ, ಬಾಲದಿಂದ ತಲೆಗೆ ಸವರಿದರೆ ಸ್ಯಾಂಡ್‌ಪೇಪರ್. ಬಾಯೊಳಗಿನ ಹಲ್ಲೂ ದವಡೆಯಲ್ಲಿ ನೆಟ್ಟದ್ದಲ್ಲ, ವಸಡಿನ ಚರ್ಮಕ್ಕೆ ಹತ್ತಿಕೊಂಡದ್ದು. ಮುಂದಿನ ಸಾಲು ಬಿದ್ದಂತೆ ಹಿಂದಿನ ಸಾಲು ಸರಿದು ಬರುತ್ತದೆ, ಸಾಯುವವರೆಗೂ.

ಸುಂಡಿಲಿಗೆ ಈ ಭಾಗ್ಯವಿಲ್ಲ. ಅದರ ಕುಲದಲ್ಲಿ ಹಾಲುಹಲ್ಲು ತಾಯಿಯ ಹೊಟ್ಟೆಯಲ್ಲೇ ಕರಗಿಹೋಗುತ್ತದೆ. ಹುಟ್ಟಿದ ಮೇಲೆ ಬರುವುದು ಒಂದೇ ಜೊತೆ, ಮೂವತ್ತು ಹಲ್ಲು. ಅಷ್ಟರಲ್ಲೇ ಜಿರಳೆಯ ಕವಚ, ಎರೆಹುಳು, ಚೇಳು ಎಲ್ಲ ಅಗಿಯಬೇಕು. ಹಲ್ಲು ಸವೆದ ದಿನ ಊಟ ಮುಗಿಯಿತು, ಊಟ ಮುಗಿದರೆ ಬಾಳೂ ಮುಗಿಯಿತು. ಚಿಕ್ಕ ಮೈ ಬೇಗ ಶಾಖ ಕಳೆದುಕೊಳ್ಳುವುದರಿಂದ ಈ ಬಳಗದ ಪ್ರಾಣಿಗಳಿಗೆ ಹಸಿವೆಯೇ ಯಮ. ತೀರ ಸಣ್ಣ ಜಾತಿಗಳು ಕೆಲವೇ ಗಂಟೆ ಆಹಾರ ಸಿಗದಿದ್ದರೆ ಸಾಯುತ್ತವೆ. ಎರಡು ಗ್ರಾಮೂ ತೂಗದ ಎಟ್ರುಸ್ಕನ್ ಸುಂಡಿಲಿಯ ಹೃದಯ ನಿಮಿಷಕ್ಕೆ 1,500ರ ಆಸುಪಾಸು ಬಡಿದದ್ದನ್ನು ಅಳೆದಿದ್ದಾರೆ. ನಮ್ಮ ಮನೆಯ ಸುಂಡಿಲಿ ಅದಕ್ಕಿಂತ ಹತ್ತಾರು ಪಟ್ಟು ದೊಡ್ಡದು, ಆದರೂ ಎರಡು ವರ್ಷ ದಾಟಿದರೆ ಅದು ಮುದಿ. ಲ್ಯಾಬಿನ ಸೊರ ಐದಾರು ವರ್ಷ ಬಾಳುತ್ತದೆ. ಇನ್ನು ಉತ್ತರ ಧ್ರುವದ ಕಡೆಯ ಗ್ರೀನ್‌ಲ್ಯಾಂಡ್ ಶಾರ್ಕ್. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕಣ್ಣಿನ ಮಸೂರದ ಕಾರ್ಬನ್ ಅಳೆದು ದೊಡ್ಡದೊಂದರ ವಯಸ್ಸು 392 ಎಂದು ಅಂದಾಜು ಮಾಡಿದರು. ಹೆಚ್ಚುಕಡಿಮೆ 120 ವರ್ಷ ಅತ್ತಿತ್ತ. ಅಷ್ಟು ದೊಡ್ಡ ‘ಅತ್ತಿತ್ತ’ ನನಗೆ ನಗೆ ತರಿಸುತ್ತದೆ, ಆದರೂ ಕಡಿಮೆ ತುದಿ ಹಿಡಿದರೂ ಅದು ಕಿತ್ತೂರು ಚೆನ್ನಮ್ಮ ಹುಟ್ಟುವ ಮುಂಚೆಯೇ ಈಜುತ್ತಿದ್ದ ಪ್ರಾಣಿ.

ಬೇಟೆಯಲ್ಲಿ ಎರಡೂ ಪ್ರಾಣಿಗಳು ಕಣ್ಣಿಗಿಂತ ಮೂತಿಯನ್ನು ನೆಚ್ಚಿದವು. ಸುಂಡಿಲಿಯ ಉದ್ದ ಮೂಗು, ಮೀಸೆ ಸದಾ ಅಲುಗುತ್ತಿರುತ್ತವೆ. ಕಣ್ಣು ಗುಂಡುಸೂಜಿಯ ತಲೆಯಷ್ಟು. ಸೊರದ ಮೂತಿಯ ತುಂಬ ಸಣ್ಣ ರಂಧ್ರಗಳು, ಒಳಗೆ ಲೋಳೆ ತುಂಬಿದ ನಳಿಕೆಗಳು. ಸ್ಟೆಫಾನೋ ಲೊರೆಂಝೀನಿ 1678ರಲ್ಲೇ ಇವುಗಳನ್ನು ವರ್ಣಿಸಿದ್ದ, ಆದರೆ ಇವು ವಿದ್ಯುತ್ತನ್ನು ಹಿಡಿಯುವ ಅಂಗಗಳೆಂದು ತಿಳಿದದ್ದು 20ನೇ ಶತಮಾನದಲ್ಲಿ. ಮರಳಿನಡಿ ಅವಿತ ಮೀನಿನ ಹೃದಯ ಬಡಿದರೂ ಸಾಕು, ಅಲ್ಲಿನ ಅತಿಸಣ್ಣ ವಿದ್ಯುತ್ತು ಸೊರದ ಮೂತಿಗೆ ತಾಗುತ್ತದೆ. 1880ರ ದಶಕದಲ್ಲೇ ಜಲಪಾತದ ಬಲದಿಂದ ಮಿಲ್ಲು ತಿರುಗಿಸಿದ ಗೋಕಾಕದಲ್ಲಿ ಕೂತು ಆ ನಳಿಕೆಗಳ ಚಿತ್ರ ಬರೆದೆವು, ಅಂಕ ಪಡೆದೆವು; ಅವು ಏನು ಮಾಡುತ್ತವೆ ಎಂಬುದು ಪರೀಕ್ಷೆಗೆ ಬರುತ್ತಿರಲಿಲ್ಲ.

ಇನ್ನೊಂದು ಹೋಲಿಕೆ ತುಸು ಹೇಸಿಗೆಯದು, ಆದರೂ ಹೇಳಲೇಬೇಕು. ಇಲಿಗೆ ವಾಂತಿ ಬರುವುದಿಲ್ಲ. ಕಬ್ಬಿನ ಗದ್ದೆಯ ಬಿಲಕ್ಕೆ ಹಾಕುವ ಜಿಂಕ್ ಫಾಸ್ಫೈಡ್ ಅಷ್ಟು ಚೆನ್ನಾಗಿ ಕೆಲಸ ಮಾಡುವುದಕ್ಕೆ ಇದೂ ಒಂದು ಕಾರಣ. ತಿಂದದ್ದನ್ನು ಇಲಿ ಹೊರಹಾಕಲಾರದು. ಸುಂಡಿಲಿಗೆ ವಾಂತಿ ಬರುತ್ತದೆ. 1980ರ ದಶಕದಲ್ಲಿ ಜಪಾನಿನ ವಿಜ್ಞಾನಿಗಳು ಇದನ್ನು ಗಮನಿಸಿದ ಮೇಲೆ, ಕ್ಯಾನ್ಸರ್ ಔಷಧಿ ತೆಗೆದುಕೊಂಡವರ ವಾಕರಿಕೆ ತಡೆಯುವ ಮದ್ದುಗಳ ಪರೀಕ್ಷೆಗೆ ಇಲಿಯ ಜಾಗದಲ್ಲಿ ಸುಂಡಿಲಿ ಬಂತು. ಸೊರ ಇನ್ನೂ ಒಂದು ಹೆಜ್ಜೆ ಮುಂದೆ. ಕೆಲವು ಶಾರ್ಕ್‌ಗಳು ಜಠರವನ್ನೇ ಚೀಲದಂತೆ ಬಾಯಿಯಿಂದ ಹೊರಮಗುಚಿ, ನೀರಿನಲ್ಲಿ ಝಾಡಿಸಿ, ಮತ್ತೆ ಒಳಗೆಳೆದುಕೊಳ್ಳುತ್ತವೆ. ಹೀಗೆ ಒಂದು ವಿಷಯದಲ್ಲಾದರೂ ಸುಂಡಿಲಿ ಸೊರದ ಪಕ್ಷ, ಇಲಿ ಒಂಟಿ.

ಆದರೆ ಎರಡೂ ನಿಜವಾಗಿ ಎದುರುಬದುರಾಗುವುದು ಬಸಿರಿನಲ್ಲಿ. ನನ್ನ ಮಟ್ಟಿಗೆ ಇಡೀ ಪ್ರಶ್ನೆಯ ತಿರುಳು ಇದೇ.

ಮೀನೆಂದರೆ ಮೊಟ್ಟೆ, ಸಾವಿರಗಟ್ಟಲೆ ಮೊಟ್ಟೆ, ಎಂದು ನಾವು ತಿಳಿದವರು. ಸ್ಕಾಲಿಯೋಡಾನಿನ ಹೊಟ್ಟೆ ಬಿಡಿಸಿದ ದಿನ ಆ ತಿಳಿವಳಿಕೆ ಮುರಿಯಿತು. ಹೆಣ್ಣು ಸಿಕ್ಕ ಬ್ಯಾಚಿನವರ ತಟ್ಟೆಯಲ್ಲಿ ಎರಡು ಗರ್ಭಕೋಶ, ಒಳಗೆ ಸಾಲಾಗಿ ಮಲಗಿದ ಮರಿಗಳು, ಪ್ರತಿಯೊಂದರ ಎದೆಯಿಂದ ಹೊರಟ ಹೊಕ್ಕುಳಬಳ್ಳಿ. ಬಳ್ಳಿಯ ಮೈಮೇಲೆ ಎಳೆಎಳೆಯಾದ ಕುಚ್ಚು. ತುದಿಯಲ್ಲಿ, ಗರ್ಭಕೋಶದ ಗೋಡೆಗೆ ಅಂಟಿದ ಮಾಸು. ಎಮ್ಮೆ ಈದಾಗ ಮಾಸು ಬೀಳುವುದನ್ನು ಕಾಯುತ್ತ ಕೂತ ಹಳ್ಳಿಯ ಹುಡುಗರಿಗೆ ಅದನ್ನು ಗುರುತಿಸಲು ಮಾಸ್ತರರು ಬೇಕಿರಲಿಲ್ಲ. “ಸರ್, ಇದು ಮಾಸಲ್ರೀ?” ಎಂದು ನಮ್ಮಲ್ಲೊಬ್ಬ ಕೇಳಿದ. ಪುಸ್ತಕದಲ್ಲಿ ಬೇರೆ ಹೆಸರಿತ್ತು.

ಇದನ್ನು ಮೊದಲು ಕಂಡವನು ಅರಿಸ್ಟಾಟಲ್. ನುಣುಪು ಮೈಯ ಒಂದು ಸೊರದ ಮರಿ ಬಳ್ಳಿಯ ಮೂಲಕ ತಾಯಿಯ ಗರ್ಭಕ್ಕೆ ಅಂಟಿಕೊಂಡಿರುತ್ತದೆ, ನಾಲ್ಕು ಕಾಲಿನ ಪ್ರಾಣಿಗಳ ಮರಿಯ ಹಾಗೆ, ಎಂದು ಬರೆದಿಟ್ಟ. ಮೀನಿಗೆ ಮಾಸೇ ಎಂದು ನಂತರದವರು ಬಹುಪಾಲು ನಂಬಲಿಲ್ಲ. ಎರಡು ಸಾವಿರ ವರ್ಷಕ್ಕೂ ಮೇಲೆ, 1842ರಲ್ಲಿ, ಯೋಹಾನ್ನೆಸ್ ಮ್ಯೂಲರ್ ಕೂಲಂಕಷವಾಗಿ ಪರೀಕ್ಷಿಸಿ ಮುದುಕ ಹೇಳಿದ್ದು ಸರಿ ಎಂದ. ನಮ್ಮ ಲ್ಯಾಬಿನ ಸೊರಕ್ಕೆ ಹೆಸರಿಟ್ಟವರಲ್ಲೊಬ್ಬ ಇದೇ ಮ್ಯೂಲರ್. ಅದರ ಬಸಿರನ್ನು ವಿವರವಾಗಿ ಬರೆದವರು ಮುಂಬಯಿಯ ಸೇಟ್ನಾ ಮತ್ತು ಸಾರಂಗಧರ, 1940ರ ದಶಕದಲ್ಲಿ. ಗೋಕಾಕ, ಹುಕ್ಕೇರಿಗಳೂ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದವು.

ಅವರೂ ನಂತರದವರೂ ಕಂಡದ್ದು ಇಷ್ಟು. ಬೇರೆ ಸೊರಗಳ ಮೊಟ್ಟೆಯಲ್ಲಿ ಹಳದಿ ಭಂಡಾರ ದೊಡ್ಡದು. ಮಾಸು ಬೆಳೆಸುವ ಜಾತಿಗಳಲ್ಲೂ ಮರಿ ಮೊದಲು ಆ ಬುತ್ತಿ ಉಂಡು, ಖಾಲಿಯಾದ ಚೀಲವನ್ನೇ ಮಾಸನ್ನಾಗಿ ಮಾಡಿಕೊಳ್ಳುತ್ತದೆ. ಸ್ಕಾಲಿಯೋಡಾನಿನ ಮೊಟ್ಟೆ ಒಂದೇ ಮಿಲಿಮೀಟರು, ರಾಗಿಕಾಳಿಗಿಂತಲೂ ಚಿಕ್ಕದು. ಬುತ್ತಿಯೇ ಇಲ್ಲವೆನ್ನಬಹುದು. ಆದ್ದರಿಂದ ಮರಿ ಬಹು ಬೇಗ ತಾಯಿಯ ಗೋಡೆಗೆ ಅಂಟಿಕೊಳ್ಳಬೇಕು. ಅದಕ್ಕಾಗಿ ಗೋಡೆಯಲ್ಲೇ ಬಟ್ಟಲಿನಂಥ ವಿಶೇಷ ಅಂಗಾಂಶ ಎದ್ದುನಿಂತು ಅದನ್ನು ಹಿಡಿದುಕೊಳ್ಳುತ್ತದೆ. ಐದಾರು ತಿಂಗಳಲ್ಲಿ ಒಂದು ಮಿಲಿಮೀಟರಿನ ಚುಕ್ಕೆ 12ರಿಂದ 15 ಸೆಂಟಿಮೀಟರಿನ ಮರಿಯಾಗುತ್ತದೆ. ಬಹುತೇಕ ಅಷ್ಟೂ ತಾಯಿ ಉಣಿಸಿದ್ದು. ಮೀನುಗಳ ಪೈಕಿ ಇಷ್ಟು ಮುಂದುವರಿದ ಮಾಸು ಬೇರೆಲ್ಲೂ ಇಲ್ಲವೆಂದೇ ತಜ್ಞರ ಎಣಿಕೆ.

ಈಗ ಸುಂಡಿಲಿಯನ್ನು ಪಕ್ಕಕ್ಕಿಡಿ. ಅದರ ಬಸಿರು ಒಂದು ತಿಂಗಳು. ಮರಿ ಮೂರ್ನಾಲ್ಕು. ಹುಟ್ಟಿದಾಗ ಕುರುಡು, ಬೋಳು, ಬೆರಳ ತುದಿಯಷ್ಟು. ಸೊರದ ಮರಿ ಹುಟ್ಟಿದಾಗಲೇ ಪೂರ್ತಿ ಬೆಳೆದ ಸುಂಡಿಲಿಯಷ್ಟು ಉದ್ದ. ಹಲ್ಲು, ಚರ್ಮ, ಮೂತಿಯ ವಿದ್ಯುತ್ ನಳಿಕೆ ಎಲ್ಲ ಸಿದ್ಧ, ತಾಯಿಯ ಕಡೆ ತಿರುಗಿಯೂ ನೋಡದೆ ಹೊರಟುಹೋಗುತ್ತದೆ. ಬಸಿರಿನ ಲೆಕ್ಕದಲ್ಲಿ ಸೊರವೇ ಹೆಚ್ಚು ತಾಯಿ. ಸುಂಡಿಲಿಯ ತಾಯ್ತನ ಹೆರಿಗೆಯ ನಂತರ ಶುರುವಾಗುವಂಥದು: ಹಾಲು, ಗೂಡು, ಮತ್ತೆ ಆ ಮೆರವಣಿಗೆ. ಗೂಡು ಬಿಡುವಾಗ ಮೊದಲ ಮರಿ ತಾಯಿಯ ಬಾಲದ ಬುಡವನ್ನು ಕಚ್ಚಿ ಹಿಡಿಯುತ್ತದೆ, ಎರಡನೆಯದು ಮೊದಲನೆಯದನ್ನು, ಮೂರನೆಯದು ಎರಡನೆಯದನ್ನು. ಹಿತ್ತಲಿನಲ್ಲಿ ಇದನ್ನು ಕಂಡವರು ಹಾವೆಂದು ಹೌಹಾರಿದ್ದುಂಟು. ಒಂದು ಕುಲ ಹೊಕ್ಕುಳಬಳ್ಳಿಯನ್ನು ಹೊಟ್ಟೆಯೊಳಗೆ ಉದ್ದ ಮಾಡಿತು, ಇನ್ನೊಂದು ಬಾಲದಲ್ಲಿ ಮುಂದುವರಿಸಿತು ಎಂದು ನನಗೆ ಅನ್ನಿಸುವುದುಂಟು. ಇದು ವಿಜ್ಞಾನವಲ್ಲ, ನೋಡಿದವನ ಚಪಲ.

ವಿಜ್ಞಾನ ಹೇಳುವುದು ಇನ್ನೂ ವಿಚಿತ್ರ. ಈ ಎರಡು ಮಾಸುಗಳಿಗೂ ಸಂಬಂಧವೇ ಇಲ್ಲ. ಇಬ್ಬರಿಗೂ ಸಾಮಾನ್ಯ ಪೂರ್ವಜನಾದ ಮೀನಿಗೆ ಮಾಸು ಇರಲಿಲ್ಲ. ಒಂದು ಕೊಂಬೆ ಹಳದಿಯ ಚೀಲವನ್ನು ಹಿಡಿದು, ಇನ್ನೊಂದು ಮುಖ್ಯವಾಗಿ ಬೇರೆ ಪೊರೆಯನ್ನು ಹಿಡಿದು, ತಂತಮ್ಮ ಪಾಡಿಗೆ ಕಂಡುಕೊಂಡ ಉಪಾಯ. ಹೆಚ್ಚು ಮರಿ ಸಾಯಲು ಬಿಡುವ ಬದಲು ಕೆಲವನ್ನೇ ಒಳಗೆ ಸಾಕು ಎಂಬ ಒಂದೇ ಒತ್ತಡಕ್ಕೆ ಬಂದ ಎರಡು ಉತ್ತರ.

ಈ ಉತ್ತರಕ್ಕೆ ಸೊರ ಈಗ ಬೆಲೆ ತೆರುತ್ತಿದೆ. ಪುಟ್ಟ ಸ್ಕಾಲಿಯೋಡಾನ್ ಹಾಗೂ ಹೀಗೂ ತಾಳಿಕೊಂಡಿದೆ, ಆದರೆ ದೊಡ್ಡ ಜಾತಿಗಳು ತಡವಾಗಿ ಪ್ರಾಯಕ್ಕೆ ಬಂದು, ವರ್ಷ ಎರಡು ವರ್ಷಕ್ಕೊಮ್ಮೆ ಕೆಲವೇ ಮರಿ ಹಾಕುತ್ತವೆ. ಬಲೆಯ ವೇಗಕ್ಕೆ ಅವು ಸಾಟಿಯಾಗವು. ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 10 ಕೋಟಿ ಶಾರ್ಕ್‌ಗಳು ಸಾಯುತ್ತವೆಂದು 2013ರ ಒಂದು ಅಂದಾಜು. ತೆರೆದ ಸಾಗರದ ಶಾರ್ಕ್, ತೊರಕೆಗಳು 1970ರಿಂದ ಈಚೆಗೆ ಶೇ. 71ರಷ್ಟು ಕಡಿಮೆಯಾಗಿವೆ ಎಂದು 2021ರಲ್ಲಿ ಲೆಕ್ಕ ಬಂತು. ಶಾರ್ಕ್ ಕಚ್ಚಿ ಸಾಯುವ ಮನುಷ್ಯರು ಜಗತ್ತಿನಲ್ಲೆಲ್ಲ ಸೇರಿ ಸಾಮಾನ್ಯವಾಗಿ ವರ್ಷಕ್ಕೆ ಹತ್ತರ ಆಸುಪಾಸು. ಹಾವು ಕಚ್ಚಿ ಭಾರತವೊಂದರಲ್ಲೇ ಸುಮಾರು 58,000. ಕಬ್ಬು ಕಡಿಯುವವರ ನಾಡಿನಲ್ಲಿ ಕೂತು ಶಾರ್ಕಿಗೆ ಹೆದರುವುದು ಸಿನಿಮಾದವರು ಕಲಿಸಿದ ಚಟ.

ಸುಂಡಿಲಿಯ ಕಷ್ಟ ಬೇರೆ ಬಗೆಯದು. ಅದನ್ನು ಯಾರೂ ಹಿಡಿದು ಮಾರುವುದಿಲ್ಲ, ಆದರೆ ಹೆಸರಿನಲ್ಲಿರುವ ಇಲಿಯ ಪಾಪಕ್ಕೆಲ್ಲ ಅದು ಹೊಣೆ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ಒಂದೆರಡು ವರ್ಷಗಳಲ್ಲಿ ಬೆಳಗಾವಿ, ಧಾರವಾಡ ಸೀಮೆಗೆ ಹಬ್ಬಿದಾಗ, ಇಲಿ ಬಿತ್ತೆಂದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಸುಂಡಿಲಿಯೂ ಪ್ಲೇಗಿನ ಚಿಗಟ ಹೊರಬಲ್ಲದು, ಇಲಿಜ್ವರದ ರೋಗಾಣುವನ್ನೂ ಹರಡಬಲ್ಲದು. ಅವ್ವನ ಮಾತು ನಂಬಿ ಅದನ್ನು ಅಡುಗೆಮನೆಯಲ್ಲಿ ಸಾಕಿರೆಂದು ನಾನು ಹೇಳಲಾರೆ. ಆದರೆ ಜೋಳ ಅದಕ್ಕೆ ಬೇಡ, ಕರದಂಟಿನ ಅಂಗಡಿಗೆ ನುಗ್ಗಿದರೂ ಅದು ಹುಡುಕುವುದು ಜಿರಳೆಯನ್ನು. 1972ರ ವನ್ಯಜೀವಿ ಕಾಯ್ದೆ ಯಾರು ಬೇಕಾದರೂ ಕೊಲ್ಲಬಹುದಾದ ಪ್ರಾಣಿಗಳ ಪಟ್ಟಿಯಲ್ಲಿ ಇಲಿ, ಹೆಗ್ಗಣಗಳ ಬಳಗವನ್ನು ಹಾಕಿತ್ತು. ಸುಂಡಿಲಿ ಆ ಮಾತಿನ ಹೊರಗಿತ್ತು. ಕೋಲು ಹಿಡಿದವರು ಕಾಯ್ದೆ ಓದಿರಲಿಲ್ಲ.

ನೆಲದ ಪ್ರಾಣಿ ಎಂದೆನಲ್ಲ, ಸುಂಡಿಲಿ ಅಷ್ಟು ಶುದ್ಧ ನೆಲದ್ದೂ ಅಲ್ಲ. ಹಡಗಿನ ಸರಕಿನಲ್ಲಿ ಅವಿತು ಅರಬ್ಬಿ ಕರಾವಳಿ, ಪೂರ್ವ ಆಫ್ರಿಕ, ಮಡಗಾಸ್ಕರ್, ಮಾರಿಷಸ್, ಪೆಸಿಫಿಕ್‌ನ ಗುವಾಮ್‌ವರೆಗೂ ಹೋಗಿ ಮನೆ ಮಾಡಿದೆ. ಗೋಕಾಕದ ಸುಂಡಿಲಿಯ ದಾಯಾದಿಗಳು ಸ್ಕಾಲಿಯೋಡಾನ್ ಎಂದೂ ಕಾಣದ ಕಡಲುಗಳನ್ನು ದಾಟಿದ್ದಾರೆ. ದಡ ಬಿಟ್ಟು ದೂರ ಹೋಗದ ಸ್ಕಾಲಿಯೋಡಾನ್ ಫಾರ್ಮಲಿನ್ ಡಬ್ಬಿಯಲ್ಲಿ ಕೂತು, ಘಟ್ಟ ಹತ್ತಿ, ಹುಕ್ಕೇರಿಯ ಹುಡುಗರ ಕೈಗೆ ಬಂತು.

ಈಗ ಬರುವುದಿಲ್ಲ. ಯುಜಿಸಿ 2011ರಲ್ಲಿ ಕೊಯ್ದು ನೋಡುವುದನ್ನು ಕಡಿಮೆ ಮಾಡಲು ಹೇಳಿ, 2014ರಲ್ಲಿ ನಿಲ್ಲಿಸಲು ಹೇಳಿತು. ಒಳ್ಳೆಯದೇ ಆಯಿತು, ನರ ಎಣಿಸುವುದಕ್ಕೆ ಅಷ್ಟೊಂದು ಬಸಿರಿ ಮೀನುಗಳು ಬೇಕಿರಲಿಲ್ಲ. ಈಚೆಗೆ ಒಂದು ಕಾಲೇಜಿನ ಲ್ಯಾಬಿಗೆ ಹೋಗಿದ್ದೆ. ಹುಡುಗರು ಕಂಪ್ಯೂಟರಿನಲ್ಲಿ ಸೊರ ಬಿಡಿಸುತ್ತಿದ್ದರು. ಕಪಾಟಿನ ಮೇಲಿನ ಹಲಗೆಯಲ್ಲಿ ಒಂದು ಹಳೆಯ ಬಾಟಲಿ ಉಳಿದಿತ್ತು. ಹಳದಿಗಟ್ಟಿದ ದ್ರಾವಣದಲ್ಲಿ ಮೂರು ಮರಿ, ಮೂರು ಬಳ್ಳಿ, ಲೇಬಲ್ಲಿನ ಶಾಯಿ ಮಾಸಿತ್ತು. ಕೆಳಗೆ ಕಪಾಟಿನ ಸಂದಿಯಿಂದ ಪರಿಚಯದ ವಾಸನೆ ಬಂತು. ಅಟೆಂಡರ್ ಮುಜುಗರಪಟ್ಟು, “ಸುಂಡಿಲಿ ಸೇರ್ಕೊಂಡೈತ್ರೀ ಸರ್, ಬೋನ್ ಇಟ್ರೂ ಬೀಳವಲ್ದು” ಎಂದರು. ಬೋನಿನಲ್ಲಿ ಏನು ಇಟ್ಟಿದ್ದೀರಿ ಎಂದು ಕೇಳಿದೆ.

“ಕೊಬ್ರಿ ಚೂರ್ರೀ.”